ಫಿಸಿಕ್ಸ್ ಓದಬಯಸುವವರಿಗೆ ಪುಣೆ ಹೇಳಿದ್ದು, ಹೇಳದೆ ಬಿಟ್ಟದ್ದು

ಖಗೋಳವಿಜ್ಞಾನಿ ಜಯಂತ ನಾರಳೀಕರರು ಭಾಷಣಕ್ಕೆ ಹೋದಲ್ಲೆಲ್ಲ ಮಕ್ಕಳು ಹಸ್ತಾಕ್ಷರಕ್ಕಾಗಿ ಮುತ್ತಿಕೊಳ್ಳುತ್ತಿದ್ದರು. ಅವರು ಅಲ್ಲಿಯೇ ಸಹಿ ಹಾಕಿಕೊಡುತ್ತಿರಲಿಲ್ಲ. ನಿನ್ನ ಮನಸ್ಸಿನಲ್ಲಿರುವ ವಿಜ್ಞಾನದ ಒಂದು ಪ್ರಶ್ನೆಯನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸು, ಉತ್ತರ ಬರೆದು ಕೆಳಗೆ ಸಹಿ ಮಾಡಿ ಕಳಿಸುತ್ತೇನೆ ಎನ್ನುತ್ತಿದ್ದರು. ಹಾಗೆ ಬಂದ ಕಾರ್ಡುಗಳಿಗೆ ಉತ್ತರವನ್ನೂ ಬರೆಯುತ್ತಿದ್ದರು. 1938ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಅವರ ಜೊತೆ ಕೆಲಸ ಮಾಡಿ, 1972ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಮರಳಿ, 1988ರಲ್ಲಿ ಪುಣೆಯಲ್ಲಿ ಆಯುಕಾ ಕಟ್ಟಿದವರು ಅವರು. ಖಗೋಳವಿಜ್ಞಾನ ಮತ್ತು ಖಭೌತವಿಜ್ಞಾನದ ಅಂತರ-ವಿಶ್ವವಿದ್ಯಾಲಯ ಕೇಂದ್ರವನ್ನು ಇಲ್ಲಿ ಎಲ್ಲರೂ ಕರೆಯುವುದು ಆಯುಕಾ ಎಂದೇ. 2025ರ ಮೇ 20ರಂದು ಪುಣೆಯಲ್ಲೇ ಅವರು ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ವಿಶ್ವದ ಉಗಮದ ಬಗ್ಗೆ ಅವರು ನಡೆಸಿದ ವಾದಗಳ ಪ್ರಸ್ತಾಪ ಸಹಜವಾಗಿಯೇ ಇತ್ತು. ಫಿಸಿಕ್ಸ್ ಓದಬೇಕೆನ್ನುವ ಹುಡುಗ ಹುಡುಗಿಯರ ದೃಷ್ಟಿಯಿಂದ ನನಗೆ ಆ ಕಾರ್ಡಿನ ಪದ್ಧತಿ ಅಷ್ಟೇ ದೊಡ್ಡದಾಗಿ ಕಾಣುತ್ತದೆ.

ಆ ಪದ್ಧತಿ ಏನು ಮಾಡುತ್ತಿತ್ತು ನೋಡಿ. ಮಗು ಮನೆಗೆ ಹೋಗಿ ಮೊದಲು ಒಂದು ಪ್ರಶ್ನೆಯನ್ನು ಹುಡುಕಬೇಕು. ಹುಡುಕಿದ್ದನ್ನು ಕಾರ್ಡಿನ ಅಷ್ಟು ಜಾಗದಲ್ಲಿ, ಓದುವವರಿಗೆ ಅರ್ಥವಾಗುವಂತೆ ಬರೆಯಬೇಕು. ಆಮೇಲೆ ಕಾಯಬೇಕು. ಬಂದ ಉತ್ತರ ಆ ಮಗುವಿನ ಪ್ರಶ್ನೆಗೆ ಮಾತ್ರ ಸಂಬಂಧಿಸಿದ್ದು, ಬೇರೆ ಯಾರದ್ದೂ ಅಲ್ಲ. ‘ನೀನು ವಿಜ್ಞಾನಿಯಾಗು’ ಎಂಬ ಆಶೀರ್ವಾದ ಇದರಲ್ಲಿ ಎಲ್ಲಿಯೂ ಇಲ್ಲ. ವಿಜ್ಞಾನಿಯ ದಿನನಿತ್ಯದ ಕೆಲಸದ ಒಂದು ತುಣುಕನ್ನು ಮಗುವಿನ ಕೈಗೆ ಕೊಟ್ಟದ್ದು ಮಾತ್ರ ಇದೆ. ಫಿಸಿಕ್ಸ್ ಓದುವವರಿಗೆ ಕೊಡುವ ಯಾವ ಸಲಹೆಯನ್ನಾದರೂ ನಾನು ಇದೇ ಅಳತೆಯಲ್ಲಿ ಅಳೆಯುತ್ತೇನೆ: ಕೇಳಿಸಿಕೊಂಡವರ ಕೈಗೆ ಅದು ಏನಾದರೂ ಕೆಲಸ ಕೊಟ್ಟಿತೇ?

ಈ ಅಳತೆಯನ್ನು ಹಚ್ಚಿ ನೋಡುವುದಕ್ಕೆ ಪುಣೆಗಿಂತ ತಕ್ಕ ಊರು ಸಿಗುವುದು ಕಷ್ಟ. ಗಣೇಶಖಿಂಡ ರಸ್ತೆಯ ವಿಶ್ವವಿದ್ಯಾಲಯದ ಆವರಣದೊಳಗೆ ಭೌತಶಾಸ್ತ್ರ ವಿಭಾಗ, ಆಯುಕಾ, ರೇಡಿಯೋ ಖಭೌತವಿಜ್ಞಾನದ ರಾಷ್ಟ್ರೀಯ ಕೇಂದ್ರ ಮೂರೂ ನಡೆದುಹೋಗುವಷ್ಟು ಹತ್ತಿರದಲ್ಲಿವೆ. ಪಾಷಾಣದ ಕಡೆಗೆ ಹೋದರೆ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಅದರ ನೆರೆಯಲ್ಲೇ 2006ರಲ್ಲಿ ಶುರುವಾದ, ವಿಜ್ಞಾನ ಶಿಕ್ಷಣ ಮತ್ತು ಸಂಶೋಧನೆಯ ಸಂಸ್ಥೆ ಐಸರ್. ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನಾರಾಯಣಗಾಂವ್ ಹತ್ತಿರದ ಖೋಡದದಲ್ಲಿ, ದೈತ್ಯ ರೇಡಿಯೋ ದೂರದರ್ಶಕ. ಇಷ್ಟೆಲ್ಲ ಇರುವ ಊರಿನಲ್ಲೇ ಹಿಂಜವಡಿಯ ಕಂಪನಿಗಳಿಗೆ, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಿಗೆ ಬಂದು ನೆಲೆಸಿದ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡ ಮನೆಗಳು ಸಾವಿರಾರು ಇವೆ. ಹನ್ನೆರಡನೇ ತರಗತಿಯ ಫಲಿತಾಂಶ ಬಂದ ವಾರ ಆ ಮನೆಗಳಲ್ಲಿ ನಡೆಯುವ ಚರ್ಚೆಯಲ್ಲಿ ಈ ಸಂಸ್ಥೆಗಳ ಹೆಸರು ಬರುವುದೇ ಅಪರೂಪ.

ಬರುವ ಮಾತು ‘ಸ್ಕೋಪ್ ಇದೆಯಾ?’ ಎಂಬುದು. ಕಾಕಾ ಕೇಳುತ್ತಾರೆ, ಮಾವ ಕೇಳುತ್ತಾರೆ, ಕ್ಲಾಸಿನ ಸರ್ ಅಂತೂ ಕೇಳುವ ಮೊದಲೇ ಇಲ್ಲ ಎನ್ನುತ್ತಾರೆ. ಇದು ಪ್ರಶ್ನೆಯಾಗಿ ತಪ್ಪಲ್ಲ. ಮನೆಯ ಸಾಲ, ತಂಗಿಯ ಓದು, ಅಪ್ಪನ ನಿವೃತ್ತಿ ಎಲ್ಲವೂ ಅದರ ಹಿಂದೆ ಇರುತ್ತವೆ. ಆದರೆ ಹುಡುಗಿಗೆ ಫಿಸಿಕ್ಸ್ ಎಂದರೆ ಏನೆಂದು ಗೊತ್ತಾಗುವ ಮೊದಲೇ ಅದರ ಬೆಲೆ ಕಟ್ಟಿ ಮುಗಿಸುತ್ತದೆ ಎಂಬುದು ಇದರ ದೋಷ. ಇನ್ನೊಂದು ಸಲಹೆ, ‘ಅದಕ್ಕೆ ತುಂಬಾ ಬುದ್ಧಿ ಬೇಕಪ್ಪ, ಐನ್‌ಸ್ಟೈನ್ ಆಗಬೇಕು’ ಎನ್ನುವುದು. ಇದು ನನಗೆ ಮೊದಲಿನದಕ್ಕಿಂತ ಕೆಟ್ಟದ್ದು. ಹೊಗಳಿಕೆಯ ವೇಷದಲ್ಲಿ ಬಂದು ಬಾಗಿಲು ಮುಚ್ಚುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಬೇಗ ಮುಚ್ಚುತ್ತದೆ. ಮೂರನೆಯದು ಈಚಿನದು, ‘ನಿನಗೆ ಇಷ್ಟ ಇದ್ದದ್ದು ಮಾಡು’ ಎಂಬ ಉದಾರವಾದ ಮಾತು. ಕೇಳಲು ಹಿತ. ಹದಿನೇಳು ವರ್ಷದವರಿಗೆ ಇಷ್ಟವಾಗಿರುವುದು ಕಪ್ಪುಕುಳಿಯ ಚಿತ್ರವೋ, ಕ್ವಾಂಟಮ್ ಎಂಬ ಶಬ್ದವೋ, ಅಥವಾ ನಿಜಕ್ಕೂ ಲೆಕ್ಕ ಹಾಕುತ್ತ ಕೂರುವ ಕೆಲಸವೋ ಎಂದು ಕಂಡುಕೊಳ್ಳುವ ದಾರಿಯನ್ನು ಅದು ತೋರಿಸುವುದಿಲ್ಲ. ಮೂರು ಸಲಹೆಗಳೂ ಮಾತಿನಲ್ಲಿ ಹುಟ್ಟಿ ಮಾತಿನಲ್ಲೇ ಮುಗಿಯುತ್ತವೆ.

ಆ ದಾರಿ ಯಾವುದು ಎಂದು ತೋರಿಸುವುದಕ್ಕೆ ಕಪ್ಪುಕುಳಿಯ ಅಗತ್ಯವಿಲ್ಲ. ಎಲ್ಲ ಕಾಲೇಜುಗಳಲ್ಲೂ ಇರುವ ಸರಳ ಲೋಲಕ ಸಾಕು. ಒಂದು ಮೀಟರ್ ಉದ್ದದ ದಾರ, ಅದರ ತುದಿಗೆ ಲೋಹದ ಗುಂಡು, ಒಂದು ಸ್ಟಾಪ್‌ವಾಚ್. ಇಪ್ಪತ್ತು ಆಂದೋಲನಗಳಿಗೆ ಹಿಡಿದ ಸಮಯದಿಂದ ಗುರುತ್ವ ವೇಗೋತ್ಕರ್ಷದ ಬೆಲೆ ಕಂಡುಹಿಡಿಯಬೇಕು. ಪುಸ್ತಕದಲ್ಲಿ 9.8 ಎಂದಿದೆ. ಪುಣೆಯಲ್ಲಿ ಎಫ್‌ವೈ, ಎಸ್‌ವೈ, ಟಿವೈ ಎಂದು ಕರೆಯುವ ಬಿ.ಎಸ್ಸಿ. ಮೂರು ವರ್ಷಗಳಲ್ಲಿ ವಿದ್ಯಾರ್ಥಿ ಬರೆಯುವ ಪ್ರಯೋಗದ ವಹಿಗೆ ಜರ್ನಲ್ ಎನ್ನುತ್ತಾರೆ, ಕರ್ನಾಟಕದಲ್ಲಿ ರೆಕಾರ್ಡ್ ಎನ್ನುತ್ತೇವೆ. ನಾನು ತಿರುವಿ ನೋಡಿದ ಜರ್ನಲ್‌ಗಳಲ್ಲಿ ಉತ್ತರ ಹೆಚ್ಚುಕಡಿಮೆ ಒಂದೇ: 9.8, ಇಲ್ಲವೆ 9.79, ಇಲ್ಲವೆ 9.81. ಹಿಂದಿನ ಬ್ಯಾಚಿನ ಜರ್ನಲ್ ಇಟ್ಟುಕೊಂಡು ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಸಮಯದ ಅಂಕಿಗಳನ್ನು ತುಂಬುತ್ತಾರೆ. ಇದು ಎಲ್ಲರಿಗೂ ಗೊತ್ತು, ಸಹಿ ಹಾಕುವ ಶಿಕ್ಷಕರಿಗೂ ಗೊತ್ತು.

ಈಗ ಪ್ರಾಮಾಣಿಕವಾಗಿ ಮಾಡಿದರೆ ಏನಾಗುತ್ತದೆ ಎಂದು ನೋಡೋಣ. ಒಂದು ಮೀಟರ್ ಲೋಲಕ ಇಪ್ಪತ್ತು ಸಲ ಹೋಗಿಬರಲು ಸುಮಾರು 40.2 ಸೆಕೆಂಡು ಹಿಡಿಯುತ್ತದೆ. ಗುಂಡಿ ಒತ್ತುವ ನಮ್ಮ ಬೆರಳು 0.2 ಸೆಕೆಂಡಿನಷ್ಟು ತಡವಾಗುವುದು, ಬೇಗವಾಗುವುದು ಸಾಮಾನ್ಯ. ಅಂದರೆ ಸಮಯದಲ್ಲಿ ಶೇಕಡ ಅರ್ಧದಷ್ಟು ದೋಷ. ಸೂತ್ರದಲ್ಲಿ ಸಮಯದ ವರ್ಗ ಬರುವುದರಿಂದ ಉತ್ತರದಲ್ಲಿ ಅದು ಶೇಕಡ ಒಂದಾಗುತ್ತದೆ. ಹಾಗಾಗಿ ಈ ವಿಧಾನದಲ್ಲಿ ಒಮ್ಮೆ ಅಳೆದವರು ಹೇಳಬಹುದಾದದ್ದು ಇಷ್ಟೇ: ಬೆಲೆ 9.7ಕ್ಕೂ 9.9ಕ್ಕೂ ನಡುವೆ ಎಲ್ಲೋ ಇದೆ. ದಶಮಾಂಶದ ಮುಂದೆ ಎರಡನೆಯ ಅಂಕಿ ಬರೆಯುವ ಹಕ್ಕು ಇನ್ನೂ ಸಿಕ್ಕಿಲ್ಲ.

ಆ ಹಕ್ಕು ಬೇಕಾದರೆ ಇಪ್ಪತ್ತರ ಬದಲು ಇನ್ನೂರು ಆಂದೋಲನ ಎಣಿಸಬೇಕು. ಸುಮಾರು ಏಳು ನಿಮಿಷ ಕಣ್ಣು ತೆಗೆಯದೆ ಕೂರುವ ಕೆಲಸ. ಬೆರಳಿನ ದೋಷ ಅಷ್ಟೇ ಇದ್ದರೂ ಅದು ಹತ್ತು ಪಟ್ಟು ಉದ್ದದ ಸಮಯದಲ್ಲಿ ಹಂಚಿಹೋಗಿ ಉತ್ತರ 0.01ರ ಮಟ್ಟಕ್ಕೆ ಬರುತ್ತದೆ. ಎಣಿಕೆಯಲ್ಲಿ ಒಂದೇ ಒಂದು ತಪ್ಪಿದರೆ ಮಾತ್ರ ಮತ್ತೆ 0.1ರಷ್ಟು ಜಾರುತ್ತದೆ. ಇಲ್ಲಿಂದ ಮುಂದೆ ಒಂದೊಂದಾಗಿ ಹೊಸ ಪ್ರಶ್ನೆಗಳು ಏಳುತ್ತವೆ. ದಾರದ ಉದ್ದವನ್ನು ಗುಂಡಿನ ಮೇಲ್ತುದಿಯವರೆಗೆ ಅಳೆದೆನೋ, ನಡುವಿನವರೆಗೋ? ಒಂದು ಮಿಲಿಮೀಟರ್ ತಪ್ಪಿದರೆ ಉತ್ತರ 0.01 ಬದಲಾಗುತ್ತದೆ, ಆದ್ದರಿಂದ ವರ್ನಿಯರ್‌ನಿಂದ ಗುಂಡಿನ ವ್ಯಾಸ ಅಳೆಯಲೇಬೇಕು. ಗುಂಡನ್ನು ಎಷ್ಟು ಎಳೆದು ಬಿಟ್ಟೆ? ಹತ್ತು ಡಿಗ್ರಿಯಲ್ಲೇ ತೂಗುತ್ತಿದ್ದರೆ ಅದೊಂದೇ ಕಾರಣಕ್ಕೆ ಉತ್ತರ ಸುಮಾರು 0.04ರಷ್ಟು ಕಡಿಮೆ ಬರುತ್ತದೆ. ಪುಸ್ತಕದಲ್ಲಿ ‘ಕೋನ ಚಿಕ್ಕದಾಗಿರಲಿ’ ಎಂದು ಬರೆದದ್ದು ಏಕೆ ಎಂದು ಆ ಹೊತ್ತಿಗೆ ಅರ್ಥವಾಗುತ್ತದೆ.

ಇಷ್ಟೆಲ್ಲ ಮಾಡಿ ಮುಗಿಸಿದವರಿಗೆ ಕೊನೆಗೆ 9.78 ಬರುತ್ತದೆ. ಪುಸ್ತಕದ 9.80 ಬರುವುದೇ ಇಲ್ಲ. ಏಕೆಂದರೆ ಪುಣೆ ಇರುವುದು 18.5 ಡಿಗ್ರಿ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಭೂಮಿ ಸುತ್ತುವುದರಿಂದ, ನಡುವಿನಲ್ಲಿ ಉಬ್ಬಿರುವುದರಿಂದ ಇಲ್ಲಿಯ ನಿಜವಾದ ಬೆಲೆ ಸುಮಾರು 9.78. ಬೆಂಗಳೂರಿನಲ್ಲೂ ಸುಮಾರು ಅಷ್ಟೇ. ಒಂದು ದಾರ, ಒಂದು ಗುಂಡು, ಒಂದು ಗಡಿಯಾರದಿಂದ ಕೋಣೆಯೊಳಗೆ ಕೂತೇ ಭೂಮಿಯ ಸುತ್ತುವಿಕೆಯ ಗುರುತನ್ನು ಹಿಡಿಯುವ ಹೊಸ್ತಿಲಿಗೆ ಹುಡುಗಿ ಬಂದು ನಿಲ್ಲುತ್ತಾಳೆ. ಆದರೆ ಎಷ್ಟೋ ಕಡೆ ಪ್ರಾಮಾಣಿಕವಾಗಿ 9.74 ಬರೆದವರಿಗೆ ಅಂಕ ಕಡಿಮೆ, ನಕಲು ಮಾಡಿ 9.8 ಬರೆದವರಿಗೆ ಪೂರ್ತಿ. ನನಗೆ ನಿಜವಾಗಿ ನೋವಾಗುವುದು ಇಲ್ಲಿ. ಫಿಸಿಕ್ಸ್ ಓದಬೇಕೆಂದು ಬಂದವರಿಗೆ ಮೂರು ವರ್ಷ ಪ್ರತಿ ವಾರ ನಾವು ಕೊಡುವ ಅತಿ ದೊಡ್ಡ ಸಲಹೆ ಈ ಅಂಕ. ಬಾಯಿಂದ ಏನೇ ಹೇಳಿದರೂ ಮಕ್ಕಳು ಕಲಿಯುವುದು ಅದನ್ನೇ.

ಪುಣೆಯ ಒಳ್ಳೆಯ ಪದ್ಧತಿಗಳು ಈ ರೋಗಕ್ಕೆ ಮದ್ದನ್ನು ಬಹಳ ಹಿಂದೆಯೇ ಕಂಡುಕೊಂಡಿವೆ. ಆಯುಕಾದಲ್ಲಿ ತಿಂಗಳ ಎರಡನೇ ಶನಿವಾರ ಶಾಲಾಮಕ್ಕಳಿಗೆ ವಿಜ್ಞಾನಿಗಳಿಂದ ಉಪನ್ಯಾಸ. ಇಂಗ್ಲಿಷಿನಲ್ಲಿ ಒಮ್ಮೆ, ಮರಾಠಿಯಲ್ಲೋ ಹಿಂದಿಯಲ್ಲೋ ಇನ್ನೊಮ್ಮೆ. ಬೇಸಿಗೆಯಲ್ಲಿ ಶಾಲಾಮಕ್ಕಳನ್ನು ಕರೆದು ವಿಜ್ಞಾನಿಗಳ ಜೊತೆ ಸಣ್ಣ ಪ್ರಾಜೆಕ್ಟ್ ಮಾಡಿಸುತ್ತಾರೆ. ಮರಾಠಿಯ ಅಚ್ಚುಮೆಚ್ಚಿನ ಲೇಖಕ ಪು.ಲ. ದೇಶಪಾಂಡೆಯವರ ಪ್ರತಿಷ್ಠಾನದ ದೇಣಿಗೆಯಿಂದ ಕಟ್ಟಿದ ‘ಪುಲಸ್ತ್ಯ’ ಎಂಬ ಕಟ್ಟಡದಲ್ಲಿ ಮಕ್ಕಳ ವಿಜ್ಞಾನ ಕೇಂದ್ರ ಮುಕ್ತಾಂಗಣ ನಡೆಯುತ್ತದೆ. ಸಾಹಿತಿಯ ಹಣ ಮಕ್ಕಳ ವಿಜ್ಞಾನಕ್ಕೆ ಹೋದದ್ದು ನಮ್ಮ ಕಡೆಯವರೂ ನೆನಪಿಡಬೇಕಾದ ಸಂಗತಿ. ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಆಯುಕಾ ಕಟ್ಟಡದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಪ್ರತಿಮೆಗಳಿವೆ, ಅವುಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಅಲ್ಲಿಯ ಫುಕೋ ಲೋಲಕದ ಮುಂದೆ ಹೆಚ್ಚು ಹೊತ್ತು ನಿಲ್ಲಿಸಬೇಕು. ಅದು ತೂಗುವ ಸಮತಲ ಧ್ರುವದಲ್ಲಿ ಹೆಚ್ಚುಕಡಿಮೆ 24 ಗಂಟೆಯಲ್ಲಿ ಒಂದು ಸುತ್ತು ತಿರುಗಬೇಕು, ಪುಣೆಯಲ್ಲಿ ಅದಕ್ಕೆ ಸುಮಾರು 75 ಗಂಟೆ ಬೇಕು, ಬೆಂಗಳೂರಿನಲ್ಲಾದರೆ ಇನ್ನೂ ಹೆಚ್ಚು. ಏಕೆ ಎಂಬ ಪ್ರಶ್ನೆಯನ್ನು ಕೇಳಿಬಿಟ್ಟರೆ ಮನೆಗೆ ಬರುವವರೆಗಿನ ಬಸ್ ಪ್ರಯಾಣಕ್ಕೆ ಸಾಕಾಗುವಷ್ಟು ಕೆಲಸ ಇದೆ.

ಮುಕ್ತಾಂಗಣದ ಹೆಸರಿನ ಜೊತೆ ನೆನಪಾಗುವವರು ಅರವಿಂದ ಗುಪ್ತಾ. ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ, ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವುದನ್ನೇ ಬದುಕಾಗಿಸಿಕೊಂಡವರು. ಅವರ ಆಟಿಕೆಗಳಲ್ಲಿ ಅತಿ ಸರಳವಾದ ಮೋಟಾರೊಂದಿದೆ: ಒಂದು ಬ್ಯಾಟರಿ ಸೆಲ್, ಎರಡು ಸೇಫ್ಟಿ ಪಿನ್, ಒಂದು ಅಯಸ್ಕಾಂತ, ಎನಾಮಲ್ ಬಳಿದ ತಾಮ್ರದ ತಂತಿಯ ಸುರುಳಿ. ತಂತಿಯ ಎರಡು ತುದಿಗಳ ಎನಾಮಲ್ ಕೆರೆದು ತೆಗೆಯಬೇಕು. ಆದರೆ ಒಂದು ತುದಿಯಲ್ಲಿ ಸುತ್ತಲೂ ಕೆರೆಯಬಾರದು, ಅರ್ಧ ಭಾಗ ಮಾತ್ರ ಕೆರೆಯಬೇಕು. ಪೂರ್ತಿ ಕೆರೆದರೆ ಸುರುಳಿ ಸುತ್ತದೆ ಅಲ್ಲೇ ಒದ್ದಾಡುತ್ತದೆ. ಅರ್ಧ ಸುತ್ತಿನ ನಂತರ ಬಲದ ದಿಕ್ಕು ತಿರುಗಿ ಸುರುಳಿಯನ್ನು ಹಿಂದಕ್ಕೆ ಎಳೆಯುತ್ತದೆ, ಆ ಹೊತ್ತಿಗೆ ಸರಿಯಾಗಿ ವಿದ್ಯುತ್ ನಿಂತರೆ ಮಾತ್ರ ಅದು ತನ್ನ ವೇಗದಲ್ಲೇ ಮುಂದೆ ಹೋಗುತ್ತದೆ. ಈ ಅರ್ಧ ಕೆರೆದ ತಂತಿಯಲ್ಲಿ ಒಂದು ಪೂರ್ತಿ ಅಧ್ಯಾಯವಿದೆ. ಕೈಯಲ್ಲಿ ಕೆಡಿಸಿ ಸರಿಪಡಿಸಿದವರು ಅದನ್ನು ಮರೆಯುವುದಿಲ್ಲ.

ಇಷ್ಟು ಮೆಚ್ಚಿದ ಮೇಲೆ ಆಕ್ಷೇಪವನ್ನೂ ಹೇಳಬೇಕು. ಈ ಶ್ರೇಷ್ಠ ಪದ್ಧತಿಗಳಲ್ಲಿ ಹೆಚ್ಚಿನವು ಶಾಲಾಮಕ್ಕಳ ಕಡೆಗೆ ವಾಲಿವೆ. ಎಂಟು, ಒಂಬತ್ತನೇ ತರಗತಿಯ ಮಗು ಆಶ್ಚರ್ಯಪಡುತ್ತದೆ, ಚಪ್ಪಾಳೆ ಹೊಡೆಯುತ್ತದೆ, ವಿಜ್ಞಾನಿಯಾಗುತ್ತೇನೆ ಎನ್ನುತ್ತದೆ. ಆಮೇಲೆ ಹತ್ತನೇ ತರಗತಿ, ಆಮೇಲೆ ಜೆಇಇ ಕ್ಲಾಸು. ಕಾಲೇಜಿಗೂ ಕೋಚಿಂಗ್‌ಗೂ ಒಂದೇ ಹಾಜರಿ ಇರುವ ‘ಇಂಟಿಗ್ರೇಟೆಡ್’ ವ್ಯವಸ್ಥೆಯಲ್ಲಿ ಎರಡು ವರ್ಷ ಕಳೆದು, ಎಂಜಿನಿಯರಿಂಗ್ ಸೀಟು ಸಿಗದೆಯೋ ಬೇಡವಾಗಿಯೋ ಬಿ.ಎಸ್ಸಿ.ಗೆ ಬಂದು ನಿಂತಾಗ ಆ ಹುಡುಗನಿಗೆ ಸಲಹೆ ಅತ್ಯಂತ ಹೆಚ್ಚು ಬೇಕು. ಅಲ್ಲಿ ನೆರವಿನ ಕೈಗಳು ಕಡಿಮೆಯಾಗುತ್ತವೆ. ಆಯುಕಾ ಮತ್ತು ರೇಡಿಯೋ ಕೇಂದ್ರ ಸೇರಿ ಕಾಲೇಜು ವಿದ್ಯಾರ್ಥಿಗಳಿಗೆ ನಡೆಸುವ ಚಳಿಗಾಲದ ರೇಡಿಯೋ ಖಗೋಳ ಶಿಬಿರ ಉಂಟು. ಹೈಡ್ರೋಜನ್ ಸೂಸುವ 1420 ಮೆಗಾಹರ್ಟ್ಸ್ ತರಂಗವನ್ನು ಹಿಡಿಯುವಂಥ ಅಳತೆಗಳನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡುತ್ತಾರೆ. ನನ್ನ ಅಳತೆಗೆ ಇದು ಪುಣೆಯ ಅತ್ಯುತ್ತಮ ಸಲಹೆಗಳಲ್ಲಿ ಒಂದು. ಆದರೆ ಇಂಥ ಶಿಬಿರಗಳಲ್ಲಿ ಜಾಗ ಕೆಲವರಿಗಷ್ಟೇ. ತಾಲ್ಲೂಕು ಕಾಲೇಜಿನ ವಿದ್ಯಾರ್ಥಿಗೆ ಹಾಗೊಂದು ಶಿಬಿರ ಇದೆ ಎಂಬ ಸುದ್ದಿಯೇ ಕೊನೆಯ ದಿನಾಂಕ ಮುಗಿದ ಮೇಲೆ ತಲುಪುತ್ತದೆ.

ಐಸರ್ ಈ ಕೊರತೆಯನ್ನು ತನ್ನ ಗೋಡೆಯೊಳಗೆ ಚೆನ್ನಾಗಿ ತುಂಬಿದೆ. ನಮ್ಮವರೇ ಆದ ಸಿ.ಎನ್.ಆರ್. ರಾವ್ ಅಧ್ಯಕ್ಷರಾಗಿದ್ದ ಪ್ರಧಾನಿಯ ವಿಜ್ಞಾನ ಸಲಹಾ ಮಂಡಳಿಯ ಶಿಫಾರಸಿನಿಂದ ಹುಟ್ಟಿದ ಸಂಸ್ಥೆ ಅದು. ಐದು ವರ್ಷದ ಬಿಎಸ್-ಎಂಎಸ್, ಕೊನೆಯ ವರ್ಷ ಪೂರ್ತಿ ಸಂಶೋಧನಾ ಪ್ರಬಂಧ. ಪಾಠ ಹೇಳುವವರೇ ಸಂಶೋಧನೆ ಮಾಡುವವರು. ಹಾಗಾಗಿ ಸಲಹೆಗೆಂದು ಬೇರೆ ದಿನ ಗೊತ್ತುಮಾಡಬೇಕಿಲ್ಲ, ಕಾರಿಡಾರಿನಲ್ಲೇ ಸಿಗುತ್ತದೆ. ಪ್ರವೇಶ ಪರೀಕ್ಷೆ ದಾಟಿದವರಿಗೆ ನಾನು ಎರಡನೇ ಯೋಚನೆಯಿಲ್ಲದೆ ಹೋಗಿ ಎನ್ನುತ್ತೇನೆ. ದಾಟದವರು ಲೆಕ್ಕಕ್ಕಿಲ್ಲದವರು ಎಂಬ ಭಾವನೆ ಊರಲ್ಲಿ ಬೇರೂರಿರುವುದನ್ನು ಮಾತ್ರ ಒಪ್ಪುವುದಿಲ್ಲ. ಮೂರು ಗಂಟೆಗಳ ಕಾಲದ ಒಂದು ಪರೀಕ್ಷೆ ಅಳೆಯುವುದು ವೇಗವನ್ನು. ಏಳು ನಿಮಿಷ ಕೂತು ಇನ್ನೂರು ಆಂದೋಲನ ಎಣಿಸುವ ತಾಳ್ಮೆ ಅದರ ಕಣ್ಣಿಗೆ ಬೀಳುವುದಿಲ್ಲ.

ಸಾಧಾರಣ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದವರಿಗೆ ಯಾರೂ ಬಿಡಿಸಿ ಹೇಳದ ಒಂದು ವಿಷಯ ಗಣಿತ. ಫಿಸಿಕ್ಸ್ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಫಿಸಿಕ್ಸ್ ಅರ್ಥವಾಗದೆ ಬಿಡುವುದಿಲ್ಲ, ಗಣಿತದಲ್ಲಿ ಹಿಂದೆ ಬಿದ್ದು ಬಿಡುತ್ತಾರೆ. ಮೊದಲ ವರ್ಷದಲ್ಲೇ ಕಲನಶಾಸ್ತ್ರ ಮತ್ತು ಸದಿಶಗಳು ಕೈಗೆ ಒಗ್ಗಬೇಕು, ಎರಡನೆಯ ವರ್ಷ ಅವಕಲ ಸಮೀಕರಣಗಳು, ಮ್ಯಾಟ್ರಿಕ್ಸ್‌ಗಳು. ಈ ಎರಡು ವರ್ಷದ ಗಣಿತ ಗಟ್ಟಿಯಾಗಿದ್ದರೆ ಮೂರನೇ ವರ್ಷದ ಕ್ವಾಂಟಮ್ ಮೆಕ್ಯಾನಿಕ್ಸ್ ಹೆದರಿಸುವುದಿಲ್ಲ. ಪುಸ್ತಕಗಳ ವಿಷಯಕ್ಕೆ ಬಂದರೆ, ಎಚ್.ಸಿ. ವರ್ಮಾ ಅವರ ‘ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್’ ಎಲ್ಲರ ಮನೆಯಲ್ಲೂ ಇದೆ. ಜೆಇಇ ಮುಗಿದ ಮೇಲೆ ಅದನ್ನು ಹಳೆ ಪುಸ್ತಕದಂಗಡಿಗೆ ಕೊಟ್ಟುಬಿಡುತ್ತಾರೆ. ಕೊಡಬೇಡಿ. ಪರೀಕ್ಷೆಯ ಗಡಿಬಿಡಿ ಇಲ್ಲದೆ ಅದರ ಪ್ರಶ್ನೆಗಳನ್ನು ಬಿಡಿಸುವ ಸುಖ ಬೇರೆ. ಫೈನ್‌ಮನ್ ಉಪನ್ಯಾಸಗಳ ಮೂರು ಸಂಪುಟಗಳನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಇದರಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಓದುವಾಗ ಎಲ್ಲ ಅರ್ಥವಾದಂತೆ ಅನ್ನಿಸುತ್ತದೆ, ಪುಸ್ತಕ ಮುಚ್ಚಿ ಲೆಕ್ಕಕ್ಕೆ ಕೂತರೆ ಕೈ ಓಡುವುದಿಲ್ಲ. ಒಂದು ವಿಷಯವನ್ನು ಬೇರೆ ಪುಸ್ತಕದಿಂದ ಲೆಕ್ಕ ಮಾಡಿ ಕಲಿತ ಮೇಲೆ ಫೈನ್‌ಮನ್ ಓದಿದರೆ ಅದರ ಬೆಲೆ ತಿಳಿಯುತ್ತದೆ. ಇದರ ಜೊತೆಗೆ ಪೈಥಾನ್ ಕಲಿಯಬೇಕು. ಲೋಲಕದ ಕೋನ ದೊಡ್ಡದಾದಾಗ ಏನಾಗುತ್ತದೆ ಎಂದು ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದು ನೋಡಿದವರಿಗೆ ಅದು ಕಂಪನಿ ಕೆಲಸಕ್ಕೂ ಆಗುತ್ತದೆ, ಸಂಶೋಧನೆಗೂ ಆಗುತ್ತದೆ.

‘ಸ್ಕೋಪ್’ ಕೇಳುವವರನ್ನು ನಾನು ಖೋಡದಕ್ಕೆ ಕರೆದುಕೊಂಡು ಹೋಗಲು ಇಷ್ಟಪಡುತ್ತೇನೆ. ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ ಎದ್ದ ಆ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಡಿಶ್‌ಗಳಿವೆ. 14 ನಡುವೆ ಒತ್ತಾಗಿ, ಉಳಿದ 16 ಮೂರು ತೋಳುಗಳಾಗಿ ಹರಡಿ, ಒಟ್ಟು ಹರವು ಸುಮಾರು 25 ಕಿಲೋಮೀಟರ್. ಅಷ್ಟು ದೊಡ್ಡ ಡಿಶ್‌ಗಳನ್ನು ಗಟ್ಟಿ ಲೋಹದ ತಗಡಿನಲ್ಲಿ ಮಾಡಿದ್ದರೆ ಅದರ ಭಾರ ಮತ್ತು ಗಾಳಿಯ ಒತ್ತಡ ತಡೆಯುವ ಉಕ್ಕಿಗೇ ಅಪಾರ ಹಣ ಬೇಕಾಗುತ್ತಿತ್ತು. ಮೀಟರ್ ಅಲೆಯುದ್ದದ ರೇಡಿಯೋ ತರಂಗಕ್ಕೆ ಸಣ್ಣ ರಂಧ್ರಗಳು ಕಾಣುವುದಿಲ್ಲ ಎಂಬ ಫಿಸಿಕ್ಸ್ ಗೊತ್ತಿದ್ದುದರಿಂದ, 0.55 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಬಲೆಯನ್ನು ಹಗ್ಗದಂಥ ತಂತಿಗಳಿಗೆ ಬಿಗಿದು ಕನ್ನಡಿಯ ಮೈ ಮಾಡಿದರು. ಗಾಳಿ ಬಲೆಯ ಮೂಲಕ ಹಾದುಹೋಗುತ್ತದೆ, ತರಂಗ ಮಾತ್ರ ಪ್ರತಿಫಲಿಸುತ್ತದೆ. ಇದನ್ನು ಕಟ್ಟಿದವರಲ್ಲಿ, ನಡೆಸುವವರಲ್ಲಿ ಖಗೋಳವಿಜ್ಞಾನಿಗಳಷ್ಟೇ ಇಲ್ಲ. ರಿಸೀವರ್ ಮಾಡುವವರು, ಸರ್ವೊ ಮೋಟಾರು ನೋಡಿಕೊಳ್ಳುವವರು, ಸಾಫ್ಟ್‌ವೇರ್ ಬರೆಯುವವರು, ಆಪ್ಟಿಕಲ್ ಫೈಬರ್ ಎಳೆದವರು ಎಲ್ಲರೂ ಇದ್ದಾರೆ. ಫಿಸಿಕ್ಸ್ ಓದಿದವರಿಗೆ ತೆರೆದಿರುವ ಕೆಲಸಗಳು ಪ್ರೊಫೆಸರ್ ಹುದ್ದೆಯೊಂದರಲ್ಲೇ ಮುಗಿಯುವುದಿಲ್ಲ ಎಂದು ಮಾತಿನಲ್ಲಿ ಹೇಳುವ ಬದಲು ಆ ಬಯಲಿನಲ್ಲಿ ತೋರಿಸಬಹುದು. ರಾಮನ್ ಪರಿಣಾಮದ ನೆನಪಿನ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಅಲ್ಲಿ ದೊಡ್ಡ ಪ್ರದರ್ಶನ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ಶಾಲಾಮಕ್ಕಳು ತಾವು ಮಾಡಿದ ಮಾದರಿಗಳನ್ನು ತಂದಿಡುತ್ತಾರೆ.

ಆದರೂ ಹಣದ ಮಾತನ್ನು ಬಿಡಬಾರದು. ಪುಣೆಯ ಉಪನ್ಯಾಸಗಳಲ್ಲಿ ನನಗೆ ಕಾಣುವ ದೊಡ್ಡ ಮೌನ ಇದು. ವಿಜ್ಞಾನಿಗಳು ನಕ್ಷತ್ರದ ಜನನದ ಬಗ್ಗೆ ಮನಸ್ಸು ತುಂಬುವಂತೆ ಮಾತಾಡುತ್ತಾರೆ, ತಾವು ಮೂವತ್ತನೇ ವಯಸ್ಸಿನಲ್ಲಿ ಎಷ್ಟು ಗಳಿಸುತ್ತಿದ್ದೆವು ಎಂದು ಹೇಳುವುದಿಲ್ಲ. ಬಿ.ಎಸ್ಸಿ. ಮೂರು, ಎಂ.ಎಸ್ಸಿ. ಎರಡು, ಪಿಎಚ್‌.ಡಿ. ಐದು ವರ್ಷ ಎಂದರೂ ಹದಿನೆಂಟಕ್ಕೆ ಸೇರಿದವರು ಇಪ್ಪತ್ತೆಂಟಕ್ಕೆ ಮುಗಿಸುತ್ತಾರೆ. ಆಮೇಲೆ ಸಾಮಾನ್ಯವಾಗಿ ಒಂದೋ ಎರಡೋ ತಾತ್ಕಾಲಿಕ ಸಂಶೋಧನಾ ಹುದ್ದೆ, ಅದೂ ಬೇರೆ ದೇಶದಲ್ಲಿ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಅದರ ಹಿರಿಯ ಹಂತವಾದ ಎಸ್‌ಆರ್‌ಎಫ್ ಆದರೆ 42,000, ಮೇಲೆ ಮನೆಬಾಡಿಗೆ ಭತ್ಯೆ. ಒಬ್ಬರ ಊಟ-ವಸತಿಗೆ ಸಾಕು, ಊರಿಗೆ ಕಳಿಸಲು ಹೆಚ್ಚು ಉಳಿಯದು. ಇದನ್ನು ಮೊದಲೇ ತಿಳಿದು ಒಪ್ಪಿದ ಮನೆ ಐದನೇ ವರ್ಷದಲ್ಲಿ ಮಗಳನ್ನು ಹಂಗಿಸುವುದಿಲ್ಲ. ಒಪ್ಪಲಾಗದ ಮನೆಯವರು ಎಂ.ಎಸ್ಸಿ. ನಂತರ ಅಧ್ಯಾಪನಕ್ಕೋ, ಉಪಕರಣಗಳ ಉದ್ಯಮಕ್ಕೋ, ಡೇಟಾ ಕೆಲಸಕ್ಕೋ ಹೋಗುವ ದಾರಿಯನ್ನು ಸೋಲು ಎಂದುಕೊಳ್ಳದೆ ಆರಿಸಬಹುದು. ಸತ್ಯವನ್ನು ಹೇಳಿದರೆ ಮಕ್ಕಳು ಹಿಂದೆ ಸರಿಯುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಹೇಳದೆ ಇದ್ದದ್ದರಿಂದ ನಡುದಾರಿಯಲ್ಲಿ ಕುಸಿದವರನ್ನು ಕಂಡಿದ್ದೇನೆ.

ಇನ್ನೊಂದು ಕೊರತೆ ನಮ್ಮದೇ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳು ಪದವಿಗಾಗಿ ಪುಣೆಗೆ ಬರುತ್ತಾರೆ. ಸುತ್ತಲೂ ಮರಾಠಿ, ಪಾಠ ಇಂಗ್ಲಿಷಿನಲ್ಲಿ. ಪ್ರಶ್ನೆ ಕನ್ನಡದಲ್ಲಿ ಹುಟ್ಟುತ್ತದೆ, ಕೇಳುವ ಹೊತ್ತಿಗೆ ಗಂಟಲಲ್ಲೇ ಉಳಿಯುತ್ತದೆ. ಗೌರಿಬಿದನೂರು ಸೀಮೆಯ ಹೊಸೂರಿನಿಂದ ಬಂದು ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ವೇದಿಕೆ ಶುರುಮಾಡಿ ಉಪನ್ಯಾಸಗಳನ್ನು ಬಿಡದೆ ನಡೆಸಿದರು. ಬೆಂಗಳೂರಿನ ನೆಹರೂ ತಾರಾಲಯ ಪದವಿ ವಿದ್ಯಾರ್ಥಿಗಳಿಗಾಗಿಯೇ ವಾರಾಂತ್ಯದ ಭೌತಶಾಸ್ತ್ರ ತರಗತಿಗಳನ್ನು ನಡೆಸಿಕೊಂಡು ಬಂದಿದೆ. ಪದವಿಯ ವಯಸ್ಸಿನವರನ್ನು ಕೈಬಿಡದಿರುವ ಈ ಒಂದು ವಿಷಯದಲ್ಲಿ ಬೆಂಗಳೂರಿಗೆ ನಾನು ಪುಣೆಗಿಂತ ಹೆಚ್ಚು ಅಂಕ ಕೊಡುತ್ತೇನೆ. ಪುಣೆ ಕನ್ನಡ ಸಂಘಕ್ಕೆ ಇಲ್ಲಿ ಕಾವೇರಿ ಹೆಸರಿನ ಶಾಲೆ-ಕಾಲೇಜುಗಳಿವೆ, ಸಭಾಂಗಣ ಇದೆ. ನಗರದ ಪ್ರಯೋಗಾಲಯಗಳಲ್ಲಿ ಕನ್ನಡ ಬಲ್ಲ ಸಂಶೋಧಕರಿಗೆ ಬರವಿಲ್ಲ. ತಿಂಗಳಿಗೊಂದು ಭಾನುವಾರ ಅವರಲ್ಲಿ ಒಬ್ಬರನ್ನು ಕರೆದು, ಭಾಷಣ ಬೇಡ, ಬಿ.ಎಸ್ಸಿ. ಮಕ್ಕಳ ಜೊತೆ ಕೂತು ಕನ್ನಡದಲ್ಲಿ ಲೆಕ್ಕ ಬಿಡಿಸಿ ಎಂದು ಕೇಳಬಹುದು.

ಕೊನೆಯದಾಗಿ ತಂದೆ-ತಾಯಿಗಳಲ್ಲಿ ಒಂದು ಕೋರಿಕೆ. ಮಗಳು ಫಿಸಿಕ್ಸ್ ಓದುತ್ತೇನೆ ಎಂದರೆ ಹೌದು-ಅಲ್ಲ ಎನ್ನುವ ಮೊದಲು ಅವಳ ಜೊತೆ ಆ ಕಾಲೇಜಿಗೆ ಹೋಗಿ. ಕಟ್ಟಡ, ಫಲಿತಾಂಶದ ಫಲಕ ನೋಡಿದ್ದು ಸಾಕು ಎನ್ನಬೇಡಿ, ಭೌತಶಾಸ್ತ್ರದ ಪ್ರಯೋಗಾಲಯವನ್ನು ತೋರಿಸಿ ಎಂದು ಕೇಳಿ. ಒಂದು ಉಪಕರಣಕ್ಕೆ ಎಷ್ಟು ವಿದ್ಯಾರ್ಥಿಗಳು, ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ತರಗತಿ ಮುಗಿದ ಮೇಲೆ ಪ್ರಶ್ನೆ ಕೇಳಲು ಕೂರುವ ಶಿಕ್ಷಕರು ಯಾರು ಎಂದು ವಿಚಾರಿಸಿ. ಸಾಧ್ಯವಾದರೆ ಹಿರಿಯ ವಿದ್ಯಾರ್ಥಿಯ ಜರ್ನಲ್ ಒಂದನ್ನು ತೆಗೆದು ನೋಡಿ. ಅದರಲ್ಲಿ ಹೊಡೆದುಹಾಕಿ ಮತ್ತೆ ಬರೆದ ಅಂಕಿಗಳಿದ್ದರೆ, ಪುಸ್ತಕಕ್ಕೆ ಹೊಂದದ ಉತ್ತರವೊಂದಕ್ಕೆ ಶಿಕ್ಷಕರು ‘ಏಕೆ?’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರೆ, ಶುಲ್ಕ ಕಟ್ಟಿ ಬನ್ನಿ.